ನಾಲ್ಕನೇ ನಂಬರಿನ ಬಿಸಿ

ಶ್ರೀರಾಂಪುರದ ಕೊನೆಯ ಬಡಾವಣೆಯಲ್ಲಿ, ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ, ನಾಲ್ಕೇ ಮನೆಗಳ ಒಂದು ಅಡ್ಡರಸ್ತೆ ಇತ್ತು. ಅದರ ಒಂದನೇ ನಂಬರಿನ ಮನೆಯ ಚಂದ್ರಮೌಳಿಯವರನ್ನು ಎಲ್ಲರೂ ಕಂಪ್ಯೂಟರ್ ಚಂದ್ರಮೌಳಿ ಎಂದೇ ಕರೆಯುತ್ತಿದ್ದರು. ಅವರು ಸಹಕಾರ ಸಂಘವೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಆ ಕಚೇರಿಗೆ ಮೊದಲ ಕಂಪ್ಯೂಟರ್ ಬಂದ ದಿನ ಉಳಿದ ಗುಮಾಸ್ತರೆಲ್ಲ ಗೋಡೆಗೆ ಒರಗಿ ನಿಂತಿದ್ದಾಗ, ಇವರೊಬ್ಬರು ಮುಂದೆ ಹೋಗಿ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದಿದ್ದರು. ಪಾಂಡಿತ್ಯಕ್ಕೆ ಅಷ್ಟು ಸಾಕಾಯಿತು. ಆಮೇಲೆ ಕಾಗದ ಟೈಪು ಮಾಡುವುದನ್ನೂ, ಅದನ್ನು ಪ್ರಿಂಟು ತೆಗೆಯುವುದನ್ನೂ, ಮಧ್ಯಾಹ್ನದ ಬಿಡುವಿನಲ್ಲಿ ಇಸ್ಪೀಟಾಡುವುದನ್ನೂ ಕಲಿತರು. ಮನೆಗೂ ಒಂದು ಹಳೆಯ ಕಂಪ್ಯೂಟರ್ ತಂದರು. ಆಯುಧಪೂಜೆಯ ದಿನ ಅಡ್ಡರಸ್ತೆಯ ಉಳಿದವರು ಸ್ಕೂಟರಿಗೆ ಬೂದುಗುಂಬಳ ಒಡೆದರೆ, ಇವರು ಕಂಪ್ಯೂಟರಿಗೆ ಒಡೆದರು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಮೂಗಯ್ಯ ಎಂಬುವರು ಆ ಕಚೇರಿಗೆ ಬಂದರು. ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ ಕುಂಬಾರಕೊಪ್ಪಲಿನಲ್ಲಿ ನೆಲೆಸಿದ್ದವರು. ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು, ಇಬ್ಬರು ಕೂರುವಂಥ ಒಂದು ಪುಟ್ಟ ವಿಮಾನವನ್ನು ತಾವೇ ಕಟ್ಟುತ್ತಿದ್ದರು. ರೆಕ್ಕೆ, ಬಾಲ, ಚಕ್ರ ಎಲ್ಲ ಆಗಿತ್ತು. ಹಳೆಯ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ತಿದ್ದಿ ಮೂತಿಗೆ ಕೂರಿಸಿದ್ದೂ ಆಗಿತ್ತು. ಅದು ಮೊದಲ ಸಲ ಸದ್ದು ಮಾಡಿದಾಗ ಅಕ್ಕಪಕ್ಕದವರು ಹಿಟ್ಟಿನ ಗಿರಣಿ ಬಂತೆಂದು ರಾಗಿ ಹೊತ್ತು ತಂದಿದ್ದರಂತೆ.

ಈಗ ವಿಮಾನದ ಅನುಮತಿ ಕೊಡುವ ಅಧಿಕಾರಿಯೊಬ್ಬರು ದೆಹಲಿಯಿಂದ ಬರುವವರಿದ್ದರು. ಅಷ್ಟರಲ್ಲಿ ಎಂಜಿನ್ನನ್ನು ನೆಲದ ಮೇಲೇ ಗಂಟೆಗಟ್ಟಲೆ ಓಡಿಸಿ, ಒಂದೊಂದು ಸಿಲಿಂಡರೂ ಎಷ್ಟು ಬಿಸಿಯಾಗುತ್ತದೆ, ಆಯಿಲ್ ಪ್ರೆಶರ್ ಎಷ್ಟಿದೆ, ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನೆಲ್ಲ ಬಿಡದೆ ದಾಖಲು ಮಾಡಿಡಬೇಕಿತ್ತು. ಮೂಗಯ್ಯ ಮೊದಲು ಕೈಯಲ್ಲೇ ಬರೆಯಲು ಹೋದರು. ಎಂಜಿನ್ನಿನ ನಡುಕಕ್ಕೆ ಅವರು ಬರೆದ ಮೂರೆಲ್ಲ ಎಂಟಿನ ಹಾಗೆ ಕಂಡವು. ಪ್ರೊಪೆಲ್ಲರಿನ ಗಾಳಿಗೆ ಕಾಗದ ಹಾರಿ ಪಕ್ಕದ ಮನೆಯ ತೆಂಗಿನ ಮರ ಸೇರಿತು. ಕಡೆಗೆ ಪರದೇಶದಲ್ಲಿದ್ದ ಹಳೆಯ ಸ್ನೇಹಿತರೊಬ್ಬರು, ಈ ಅಳತೆಗಳನ್ನೆಲ್ಲ ತಾನಾಗಿಯೇ ಕಂಪ್ಯೂಟರಿಗೆ ತುಂಬುವ ಒಂದು ಪೆಟ್ಟಿಗೆಯನ್ನೂ, ತುದಿಗೆ ತಾಗಿದ ಶಾಖವನ್ನು ಅಳೆಯುವ ಒಂದು ಸುರುಳಿ ವಿಶೇಷ ತಂತಿಯನ್ನೂ ಕಳಿಸಿಕೊಟ್ಟರು. ಪೆಟ್ಟಿಗೆಗೆ ಡೇಟಾ ಲಾಗರ್ ಎಂದು ಹೆಸರು. ಅದನ್ನು ಜೋಡಿಸಬಲ್ಲವರು ಯಾರಾದರೂ ಗೊತ್ತೇ ಎಂದು ಮೂಗಯ್ಯ ಕೇಳಿದರು.

ಗೊತ್ತಿಲ್ಲ ಎನ್ನುವುದೊಂದೇ ಸರಿಯಾದ ಉತ್ತರ. ಆದರೆ ಇಬ್ಬರು ಗುಮಾಸ್ತರೂ ಒಬ್ಬ ಟೈಪಿಸ್ಟೂ ಕೆಲಸ ಬಿಟ್ಟು ಕಿವಿಗೊಟ್ಟಿದ್ದರು. ಚಂದ್ರಮೌಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಅದೇನು ಮಹಾ. ಎರಡು ಸಂಜೆ ಕೆಲಸ," ಅಂದರು.

ಅವರು ಹಾಕಿದ ಷರತ್ತು ಒಂದೇ, ಕೆಲಸ ಮುಗಿಯುವವರೆಗೆ ವಿಷಯ ಯಾರಿಗೂ ಗೊತ್ತಾಗಬಾರದು. ಮೂಗಯ್ಯ ಅದನ್ನು ದೊಡ್ಡವರ ವಿನಯ ಎಂದುಕೊಂಡು ಕೈಮುಗಿದರು. ಕೆಲಸ ಕೆಟ್ಟರೆ ಮಾನ ಉಳಿಯಲಿ ಎಂಬುದು ಚಂದ್ರಮೌಳಿಯವರ ಲೆಕ್ಕ.

ಪೆಟ್ಟಿಗೆ ಮನೆಗೆ ಬಂದು ಮಂಚದ ಕೆಳಗೆ ಸೇರಿತು. ಮನೆಯಲ್ಲೂ ಗುಟ್ಟಾಗಿಡಲು ಬೇರೆ ಕಾರಣವಿತ್ತು. ಹಿಂದಿನ ವರ್ಷ ಅವರು ಮಿಕ್ಸಿಯನ್ನು ಬಿಚ್ಚಿ ರಿಪೇರಿ ಮಾಡಿದ್ದರು. ಅಂದಿನಿಂದ ಮಿಕ್ಸಿಯ ಕೆಲಸವನ್ನು ಒರಳುಕಲ್ಲು ಮಾಡುತ್ತಿತ್ತು. ಇನ್ನು ಮುಂದೆ ಎಲೆಕ್ಟ್ರಿಷಿಯನ್ ಹಾಕಿದ ತಂತಿ ಬಿಟ್ಟು ಬೇರೆ ತಂತಿ ಈ ಮನೆಯಲ್ಲಿ ಕಾಣಿಸಕೂಡದು ಎಂದು ಹೆಂಡತಿ ಮಂಜುಳಮ್ಮ ಹೇಳಿಟ್ಟಿದ್ದರು.

ಆದರೆ ಶಾಖ ಅಳೆಯುವುದನ್ನು ಕಲಿಯಬೇಕಾದರೆ ಶಾಖ ಬೇಕು, ಮನೆಯಲ್ಲಿ ಶಾಖವಿರುವುದು ಅಡುಗೆಮನೆಯಲ್ಲಿ. ಕಂಪ್ಯೂಟರಿದ್ದ ಕೋಣೆಯ ಗವಾಕ್ಷಿಯಿಂದ ಒಂದು ತಂತಿಯನ್ನು ಅಡುಗೆಮನೆಗೆ ಇಳಿಬಿಟ್ಟು, ಹೆಂಡತಿ ಹೂವು ಬಿಡಿಸಲು ಹೋದಾಗ ಅದರ ತುದಿಯನ್ನು ಕುದಿಯುವ ಎಸರಿಗೆ ಹಾಕಿ, ಓಡಿಬಂದು ಪರದೆ ನೋಡಿದರು. ತೊಂಬತ್ತೇಳು ಎಂದು ತೋರಿಸಿತು. ಸ್ಕೂಲಿನಲ್ಲಿ ನೂರು ಎಂದು ಕಲಿತಿದ್ದರಿಂದ ಪೆಟ್ಟಿಗೆ ಕೆಟ್ಟಿದೆಯೆಂದು ತೀರ್ಮಾನಿಸಿ ನಾಲ್ಕಾರು ದಿನ ಸಂಕಟಪಟ್ಟರು. ಮೈಸೂರಿನ ಎತ್ತರಕ್ಕೆ ನೀರು ಸ್ವಲ್ಪ ಬೇಗ ಕುದಿಯುತ್ತದೆ, ಅದು ಸರಿಯಾಗೇ ಇದೆ ಎಂದು ಮೂಗಯ್ಯ ಫೋನಿನಲ್ಲಿ ಹೇಳಿದಾಗ, ನಿಮಗೆ ಗೊತ್ತೋ ಇಲ್ಲವೋ ನೋಡೋಣ ಅಂತ ಕೇಳಿದೆ ಅಂದರು ಚಂದ್ರಮೌಳಿ. ಆಮೇಲೆ ಧೈರ್ಯ ಬಂದು ಸ್ನಾನದ ಹಂಡೆಗೊಂದು, ಇಸ್ತ್ರಿಪೆಟ್ಟಿಗೆಗೊಂದು, ಕುಕ್ಕರಿಗೊಂದು ತಂತಿಯನ್ನು ಕತ್ತರಿಸಿ ಕತ್ತರಿಸಿ ಹಾಕಿ ನೋಡಿದರು.

ಒಂದು ಬೆಳಿಗ್ಗೆ ಮಂಜುಳಮ್ಮನವರಿಗೆ ಒಗ್ಗರಣೆ ಡಬ್ಬಿಯ ಹಿಂದೆ ಹೊಳೆಯುವ ತಂತಿಯ ತುದಿ ಸಿಕ್ಕಿತು. ಇದೇನು ಎಂದು ಗಂಡನನ್ನು ಕೇಳಿದರು.

"ಏನಿಲ್ಲ, ಒಂದು ರೆಕಾರ್ಡಿಂಗು."

"ಏನು ರೆಕಾರ್ಡಾಗುತ್ತೆ?"

ಚಂದ್ರಮೌಳಿ ಗಾಬರಿಯಲ್ಲಿ ನಿಜವನ್ನೇ ಹೇಳಿದರು. "ಬಿಸಿಯಾಗಿರೋದೆಲ್ಲ ರೆಕಾರ್ಡಾಗುತ್ತೆ. ಕಂಪ್ಯೂಟರಿನಲ್ಲಿ ಹಾಗೇ ಉಳಿಯುತ್ತೆ."

ಹಿಂದಿನ ದಿನವಷ್ಟೇ ಮಂಜುಳಮ್ಮ ಅದೇ ಒಲೆಯ ಮುಂದೆ ನಿಂತು, ಎರಡನೇ ನಂಬರಿನ ಚೆಲುವಮ್ಮನವರ ಜೊತೆ, ಚಂದ್ರಮೌಳಿಯ ಅಕ್ಕನ ವಿಷಯವನ್ನು ಚಪಾತಿ ಹಿಟ್ಟು ಮುಗಿಯುವವರೆಗೆ ಮಾತಾಡಿದ್ದರು. ಮಾತು ಸಾಕಷ್ಟು ಬಿಸಿಯಾಗೇ ಇತ್ತು. ಅವರು ತಂತಿಯನ್ನು ಇದ್ದಲ್ಲೇ ಮೆಲ್ಲನೆ ಇಟ್ಟು, ಬೇರೇನೂ ಕೇಳದೆ ಹೊರಗೆ ಹೋದರು. ಅಂದಿನಿಂದ ಆ ಅಡುಗೆಮನೆಯಲ್ಲಿ ಮಾತು ನಿಂತುಹೋಯಿತು. ಊಟಕ್ಕೆ ಬನ್ನಿ ಎನ್ನಬೇಕಾದರೆ ಸೌಟಿನಿಂದ ತಟ್ಟೆಗೆ ಬಡಿಯುತ್ತಿದ್ದರು. ಹೆಂಡತಿ ಈಚೆಗೆ ತುಂಬಾ ಶಾಂತವಾಗಿದ್ದಾಳೆ ಎಂದು ಚಂದ್ರಮೌಳಿ ಸಂತೋಷಪಟ್ಟರು.

ಚೆಲುವಮ್ಮನವರಿಗೆ ಬೀದಿಯ ನಲ್ಲಿಯ ಹತ್ತಿರ ಎಚ್ಚರಿಕೆ ತಲುಪಿತು. ಅವರಿಂದ ಮೂರನೇ ನಂಬರಿನ ಹೈಸ್ಕೂಲ್ ಟೀಚರ್ ಪ್ರೇಮಲೀಲಾ ಅವರಿಗೆ. ಪ್ರೇಮಲೀಲಾ ವಿದ್ಯಾವಂತರಾದ್ದರಿಂದ ಸುಲಭವಾಗಿ ನಂಬಲಿಲ್ಲ. ಸಂಜೆ ಹೂವಿನ ಕುಂಡಕ್ಕೆ ನೀರು ಹಾಕುವ ನೆಪದಲ್ಲಿ ಒಂದನೇ ನಂಬರಿನ ಕಿಟಕಿಯ ಪಕ್ಕ ನಿಂತು ಸ್ವತಃ ಕೇಳಿಸಿಕೊಂಡ ಮೇಲೆ ನಂಬಿದರು.

ಅಷ್ಟರಲ್ಲಿ ಪೆಟ್ಟಿಗೆ ಕುಂಬಾರಕೊಪ್ಪಲಿಗೆ ಹೋಗಿ ಶೆಡ್ಡಿನ ಕಂಪ್ಯೂಟರಿಗೆ ಸೇರಿತ್ತು. ಅದು ಎರಡು ಸಂಜೆಯ ಕೆಲಸವಾಗದೆ ತಿಂಗಳಿನ ಕೆಲಸವಾಗಿತ್ತು. ಸಿಲಿಂಡರುಗಳಿಗೆ ಒಂದರಿಂದ ನಾಲ್ಕರವರೆಗೆ ನಂಬರು. ಚಂದ್ರಮೌಳಿ ಏನೋ ಯೋಚಿಸಿ ಹಿಂದಿನಿಂದ, ಅಂದರೆ ನಾಲ್ಕರಿಂದ ಶುರುಮಾಡಿದರು. ನಾಲ್ಕನೇದಕ್ಕೆ ವಿಶೇಷ ತಂತಿ ಎಂಜಿನ್ನಿನಿಂದ ಪೆಟ್ಟಿಗೆಯವರೆಗೆ ಸಾಕಾಯಿತು. ಮಿಕ್ಕ ಮೂರಕ್ಕೆ ನೋಡಿದರೆ, ಅಡುಗೆಮನೆಯ ಸಂಶೋಧನೆಗೆ ಕತ್ತರಿಸಿದ ಚೂರುಗಳಷ್ಟೇ ಉಳಿದಿದ್ದವು. ಇದನ್ನು ಮೂಗಯ್ಯನವರಿಗೆ ಹೇಳುವುದು ಹೇಗೆ? ದೇವರಾಜ ಮೊಹಲ್ಲಾದ ಅಂಗಡಿಯೊಂದರಿಂದ ಮನೆ ಬಾಗಿಲ ಕರೆಗಂಟೆಗೆ ಹಾಕುವ ತಂತಿ ತಂದು, ಚೂರುಗಳ ತುದಿಗೆ ಎಂಜಿನ್ನಿನ ಬೆನ್ನ ಹಿಂದೆಯೇ ಗಂಟು ಹಾಕಿ, ಮೇಲೆ ಕಪ್ಪು ಟೇಪು ಸುತ್ತಿದರು. ತಂತಿ ಅಂದಮೇಲೆ ತಂತಿ. ಪರದೆಯ ಮೇಲೆ ಅಂಕಿಗಳು ಬಂದವು. ಮೂಗಯ್ಯ ಚಂದ್ರಮೌಳಿಯವರ ಎರಡೂ ಕೈ ಹಿಡಿದುಕೊಂಡರು.

ಮರುದಿನ ಸಂಜೆ ಮೂಗಯ್ಯ ಫೋನಿನಲ್ಲಿ ಓದಿದ ಅಂಕಿಗಳನ್ನು ಬರೆದುಕೊಂಡು ಚಂದ್ರಮೌಳಿ ಹೇಳಿದ್ದನ್ನು ಪ್ರೇಮಲೀಲಾ ಕುಂಡದ ಪಕ್ಕದಿಂದ ಅಕ್ಷರ ಬಿಡದೆ ಕೇಳಿದರು.

"ಒಂದು, ಎರಡು, ಮೂರು ಪರವಾಗಿಲ್ಲ, ತಣ್ಣಗಿವೆ. ನಾಲ್ಕನೇ ನಂಬರೇ ಯಾಕೋ ಸರಿ ಕಾಣ್ತಾ ಇಲ್ಲ. ಎರಡು ಸೆಕೆಂಡಿಗೊಂದು ಸಲ ದಾಖಲಾಗ್ತಾ ಇದೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ಇನ್ನೊಂದು ವಾರ ಹೀಗೇ ಇದ್ರೆ ಬಿಚ್ಚೋದೇ ಸರಿ."

ಅಡ್ಡರಸ್ತೆಯಲ್ಲಿ ನಾಲ್ಕು ಮನೆ. ನಾಲ್ಕಕ್ಕೂ ಕಾರ್ಪೊರೇಷನ್ನಿನವರು ಬಣ್ಣದಲ್ಲಿ ನಂಬರು ಬರೆದಿದ್ದರು.

ಮೊದಲು ಬಂದವರು ಚೆಲುವಮ್ಮ, ಒಂದು ಪಾತ್ರೆ ಇಡ್ಲಿಹಿಟ್ಟು ಹಿಡಿದುಕೊಂಡು. ಅವರು ಹೋಟೆಲೊಂದಕ್ಕೆ ದಿನವೂ ಹಿಟ್ಟು ರುಬ್ಬಿಕೊಡುತ್ತಿದ್ದರು, ಅದೂ ಮನೆಬಳಕೆಯ ಕರೆಂಟಿನಲ್ಲಿ. ಬಾಗಿಲಲ್ಲೇ ನಿಂತು, ಎರಡನೇ ನಂಬರಿನದು ಏನಾದರೂ ಬಂದಿದೆಯಾ ಎಂದು ಮೆಲ್ಲನೆ ಕೇಳಿದರು. ಚಂದ್ರಮೌಳಿ ಹೊರಗೆ ಇಣುಕಿ ಬೀದಿ ನೋಡಿದರು. ಮೂಗಯ್ಯನವರೇ ಬಾಯಿಬಿಟ್ಟಿದ್ದಾರೆ, ವಿಮಾನದ ಗುಟ್ಟು ರಟ್ಟಾಗಿದೆ ಎಂದುಕೊಂಡರು.

"ನಿಮಗೆ ಯಾರು ಹೇಳಿದ್ರು? ದಯವಿಟ್ಟು ಯಾರಿಗೂ ಹೇಳಬೇಡಿ. ಎರಡನೇದು ಇಲ್ಲೀವರೆಗೂ ತಣ್ಣಗಿದೆ. ಹೀಗೇ ಇದ್ರೆ ಯಾರೂ ಏನೂ ಕೇಳಲ್ಲ," ಅಂದರು.

ಚೆಲುವಮ್ಮ ಮನೆಗೆ ಹೋಗಿ ಗ್ರೈಂಡರಿಗೆ ಹಳೆಯ ಸೀರೆ ಹೊದಿಸಿ, ಅದರ ಮೇಲೆ ದೇವರ ಪಟವೊಂದನ್ನು ಇಟ್ಟರು.

ಪ್ರೇಮಲೀಲಾ ಬಂದದ್ದು ಮರುದಿನ. ಅವರ ಸ್ಕೂಲಿನ ಆಡಳಿತ ಮಂಡಳಿ ಟೀಚರುಗಳು ಮನೆಪಾಠ ಮಾಡಕೂಡದೆಂದು ಹೇಳಿತ್ತು. ಅವರ ಹಿಂದಿನ ಕೋಣೆಯಲ್ಲಿ ದಿನಾ ಬೆಳಿಗ್ಗೆ ಹತ್ತನೇ ಕ್ಲಾಸಿನವರು ಸಾಲಾಗಿ ಕೂರುತ್ತಿದ್ದರು. ಮೂರನೇದು ಹೇಗಿದೆ ಎಂದು ಅವರು ಕೇಳಿದ್ದಕ್ಕೆ ಚಂದ್ರಮೌಳಿ, ಈ ಗುಟ್ಟು ಇನ್ನೆಷ್ಟು ಜನಕ್ಕೆ ಹರಡಿದೆಯೋ ಎಂದು ನೊಂದುಕೊಂಡೇ, ಬೆಳಿಗ್ಗೆ ಶುರುವಿನಲ್ಲಿ ಸ್ವಲ್ಪ ಏರುತ್ತದೆ, ಒಂದು ಗಂಟೆಯಾದ ಮೇಲೆ ಇಳಿಯುತ್ತದೆ ಎಂದರು. ಪಾಠವೂ ಸರಿಯಾಗಿ ಒಂದು ಗಂಟೆ. ಟೀಚರ್ ನೇರ ಮನೆ ಸೇರಿದರು. ಮಾರನೆಯ ಬೆಳಿಗ್ಗೆಯಿಂದ ಪಾಠವಿಲ್ಲ.

ನಾಲ್ಕನೇ ನಂಬರಿನ ಸಣ್ಣಮಾದಯ್ಯನವರು ಬರಲು ಹೆಚ್ಚು ಸಮಯ ತೆಗೆದುಕೊಂಡರು. ರೆವಿನ್ಯೂ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ಬಡಾವಣೆಯ ಹಿತರಕ್ಷಣಾ ಸಂಘದ ಅಧ್ಯಕ್ಷರು. ಅವರ ಗೇಟಿನ ಪಕ್ಕ, ಸಿಮೆಂಟು ಚೀಲ ಹೊದಿಸಿದ ಗುಂಡಿಯೊಳಗೆ, ಕಾರ್ಪೊರೇಷನ್ ಪೈಪಿಗೇ ನೇರವಾಗಿ ಸಿಕ್ಕಿಸಿದ ಒಂದು ಮೋಟರಿತ್ತು. ನೀರು ಬಿಟ್ಟ ತಕ್ಷಣ ಅದು ಅಷ್ಟನ್ನೂ ಎಳೆದುಕೊಳ್ಳುತ್ತಿತ್ತು, ಉಳಿದ ಮೂರು ಮನೆಗೆ ನಲ್ಲಿಯಿಂದ ಸುಂಯ್ ಎಂಬ ಗಾಳಿ ಬರುತ್ತಿತ್ತು. ಎಲ್ಲರಿಗೂ ಅನುಮಾನವಿತ್ತು, ಕೇಳುವ ಧೈರ್ಯವಿರಲಿಲ್ಲ. ಅವರು ಶಾಲು ಹೊದ್ದು ಬಂದು ಕುರ್ಚಿಯಲ್ಲಿ ಕೂತು, ಊರಿನ ಸಮಾಚಾರವನ್ನೆಲ್ಲ ಮಾತಾಡಿ, ಕಡೆಗೆ ಛಾವಣಿ ನೋಡುತ್ತಾ, ನಾಲ್ಕನೇದಕ್ಕೆ ಕಾರಣವೇನಿರಬಹುದು ಎಂದು ಕೇಳಿದರು.

ಅವತ್ತು ಬೆಳಿಗ್ಗೆಯಷ್ಟೇ ಮೂಗಯ್ಯ ತಮ್ಮ ಅನುಮಾನವನ್ನು ಹೇಳಿದ್ದರು. ನಾಲ್ಕನೇ ಸಿಲಿಂಡರಿಗೆ ಹೋಗುವ ಕೊಳವೆಯಲ್ಲಿ ಬಿರುಕಿದ್ದು, ಅದು ಪಕ್ಕದಿಂದ ಗಾಳಿ ಎಳೆದರೆ ಹೀಗೆ ಬಿಸಿಯಾಗುವುದುಂಟು. ಚಂದ್ರಮೌಳಿ ಅದನ್ನು ತಮ್ಮದೇ ಜ್ಞಾನದ ಹಾಗೆ ನಿಧಾನವಾಗಿ ಹೇಳಿದರು.

"ಪೈಪಿನಲ್ಲಿ ಎಲ್ಲೋ ಕಳ್ಳದಾರೀಲಿ ಎಳೀತಾ ಇದೆ ಅಂತ ಅನುಮಾನ. ಹೊರಗಿಂದ ಕಾಣಲ್ಲ. ಬಿಚ್ಚಿದ್ರೆ ಗೊತ್ತಾಗುತ್ತೆ."

ಸಣ್ಣಮಾದಯ್ಯ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡು ಎದ್ದರು. ಅದು ಬಿಸಿಲಿನ ದಿನ. ಮಧ್ಯಾಹ್ನದೊಳಗೆ ಗುಂಡಿಯಲ್ಲಿದ್ದ ಮೋಟರು ಅಟ್ಟ ಸೇರಿತು. ಮಾರನೆಯ ದಿನ ನೀರು ಬಿಟ್ಟಾಗ ಮಂಜುಳಮ್ಮನವರ ನಲ್ಲಿ, ಮನೆ ಕಟ್ಟಿಸಿದ ಮೇಲೆ ಮೊದಲ ಸಲ, ಬಕೆಟ್ಟಿನ ಹೊರಕ್ಕೆ ಸಿಡಿಯುವಷ್ಟು ಜೋರಾಗಿ ಸುರಿಯಿತು. ಇದೇಕೆ ಹೀಗಾಯಿತೆಂದು ಅವರಿಗೂ ತಿಳಿಯಿತು. ಗಂಡನ ಮೇಲಿನ ಅನುಮಾನ ಹೋಗಲಿಲ್ಲ. ಜೊತೆಗೆ ಸಣ್ಣದೊಂದು ಗೌರವ ಬಂದು ಸೇರಿತು, ಅಷ್ಟೆ.

ಆದರೆ ಸಣ್ಣಮಾದಯ್ಯ ಆಡಳಿತ ಬಲ್ಲವರು. ಮೋಟರು ತೆಗೆದ ದಿನವೇ, ನಾಗರಿಕರ ಮಾತುಗಳನ್ನು ಅನುಮತಿಯಿಲ್ಲದೆ ಧ್ವನಿಮುದ್ರಿಸಲಾಗುತ್ತಿದೆ ಎಂದು ಠಾಣೆಗೆ ಒಂದು ಅರ್ಜಿ ಕೊಟ್ಟರು. ಹೆಡ್ ಕಾನ್ಸ್‌ಟೇಬಲ್ ಬಸವರಾಜು ಬಂದರು. ಸೌಮ್ಯ ಸ್ವಭಾವದ, ದಪ್ಪ ಮೀಸೆಯ ಮನುಷ್ಯ. ಮಂಜುಳಮ್ಮ ಮಾತಿಲ್ಲದೆ ಕಾಫಿ ತಂದಿಟ್ಟು, ಗವಾಕ್ಷಿಯ ಕಡೆ ಒಂದು ಸಲ ಕಣ್ಣು ತೋರಿಸಿ ಒಳಗೆ ಹೋದರು. ಬಸವರಾಜು ಆಗಿನಿಂದಲೇ ದನಿ ತಗ್ಗಿಸಿದರು.

ರೆಕಾರ್ಡು ಮಾಡುವುದು ನಿಜವೇ ಎಂದು ಅವರು ಕೇಳಿದರು. ಪೊಲೀಸಿನವರೆಗೂ ಹೋಗಿದೆ ಎಂದಮೇಲೆ ಮುಚ್ಚಿಡುವುದು ತಪ್ಪು ಎಂದು ಚಂದ್ರಮೌಳಿ ಒಪ್ಪಿಕೊಂಡರು. ಯಾರಿಗೆ ಕೊಡುತ್ತೀರಿ ಎಂದು ಮುಂದಿನ ಪ್ರಶ್ನೆ.

"ಕುಂಬಾರಕೊಪ್ಪಲಿನಲ್ಲಿ ಒಬ್ಬರಿದಾರೆ, ಮೂಗಯ್ಯ ಅಂತ. ಅವರು ನೋಡ್ತಾರೆ. ಕೊನೆಗೆ ದೆಹಲಿಯವರು ಬಂದು ತೀರ್ಮಾನ ಮಾಡ್ತಾರೆ."

ಬಸವರಾಜು ಕಾಫಿ ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ದೆಹಲಿ ಎಂಬ ಮಾತು ಬಂದಮೇಲೆ ಅವರು ಬರೆದುಕೊಳ್ಳುವುದನ್ನೂ ನಿಲ್ಲಿಸಿದರು. ತಾವು ಬಂದದ್ದು ಅರ್ಜಿಯ ಮೇಲೆ, ತಮಗೆ ವೈಯಕ್ತಿಕವಾಗಿ ಏನೂ ಇಲ್ಲ ಎಂದು ಗವಾಕ್ಷಿಯ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿ ಹೊರಟರು. ಚಂದ್ರಮೌಳಿ ಮನೆಬಿಟ್ಟು ಕುಂಬಾರಕೊಪ್ಪಲಿನ ಕಡೆ ಹೊರಟರೆ ತಮಗೊಂದು ಮಾತು ತಿಳಿಸಬೇಕೆಂದು ಬೀದಿಯಲ್ಲಿ ಸಣ್ಣಮಾದಯ್ಯನವರಿಗೆ ಹೇಳಿದರು.

ಈ ನಡುವೆ ಮೂಗಯ್ಯನವರ ಶೆಡ್ಡಿನಲ್ಲಿ ನಿಜವಾದ ಸಂಕಟ ಬೆಳೆದಿತ್ತು. ನಾಲ್ಕನೇ ಸಿಲಿಂಡರು ಪ್ರತಿ ಸಲವೂ ಮಿಕ್ಕವಕ್ಕಿಂತ ನಲವತ್ತು ಡಿಗ್ರಿ ಮೇಲೆ. ಅವರು ಕೊಳವೆ ಬದಲಿಸಿದರು, ಪ್ಲಗ್ಗು ಬದಲಿಸಿದರು, ಗಾಳಿ ಬಡಿಯುವ ತಗಡನ್ನು ಬಗ್ಗಿಸಿ ನೋಡಿದರು. ಏನೂ ಬದಲಾಗಲಿಲ್ಲ. ಶನಿವಾರ ಮಧ್ಯಾಹ್ನ ಫೋನು ಮಾಡಿ, ನಾಳೆ ಬೆಳಿಗ್ಗೆ ಎಂಜಿನ್ ಇಳಿಸಿ ಬಿಚ್ಚಿಬಿಡುತ್ತೇನೆ, ದೆಹಲಿಯವರಿಗೆ ಬರಬೇಡಿ ಎಂದು ಹೇಳುತ್ತೇನೆ ಅಂದರು. ಅಂಥ ಅಧಿಕಾರಿ ಈ ಕಡೆ ಮತ್ತೆ ಬರುವುದು ಯಾವಾಗಲೋ. ವಿಮಾನ ಓಡಿಸಲು ಡಾಕ್ಟರ ಸರ್ಟಿಫಿಕೇಟು ಬೇರೆ ಬೇಕು, ತಮಗೆ ಈಗಲೇ ಅರವತ್ತೆರಡು. ಈ ಸಲ ತಪ್ಪಿದರೆ ಬಹುಶಃ ಹಾರುವುದು ಬೇರೆ ಯಾರೋ ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ನೀವು ಇಷ್ಟು ಕಷ್ಟಪಟ್ಟು ಲಾಗರ್ ಕೂರಿಸದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಹಾರುವಾಗ ಕೆಟ್ಟಿದ್ದರೆ ಜೀವವೇ ಹೋಗುತ್ತಿತ್ತು ಎಂದು ಉಪಕಾರವನ್ನೂ ನೆನೆದರು.

ಲಾಗರ್ ಪೆಟ್ಟಿಗೆಯನ್ನು ಮುಂಚಿನ ದಿನವಷ್ಟೇ ಒರೆಸಿ ಸರಿಮಾಡಲೆಂದು ಚಂದ್ರಮೌಳಿ ಮನೆಗೆ ತಂದಿದ್ದರು. ಮೂರನೇ ಸಿಲಿಂಡರಿನ ಗಂಟುಹಾಕಿದ ತಂತಿಯೂ ಜೊತೆಗಿತ್ತು. ಸಂಜೆ ಮಂಜುಳಮ್ಮ ಉಪ್ಪಿಟ್ಟಿಗೆ ಎಸರಿಟ್ಟಿದ್ದರು. ಈಗ ಮುಚ್ಚುಮರೆಗೆ ಅರ್ಥವಿಲ್ಲವಾದ್ದರಿಂದ ಚಂದ್ರಮೌಳಿ ಪೆಟ್ಟಿಗೆಯನ್ನು ಅಡುಗೆಕಟ್ಟೆಯ ಮೇಲೇ ಇಟ್ಟು, ತಂತಿಯ ತುದಿಯನ್ನು ಎಸರಿಗೆ ಬಿಟ್ಟರು. ಟೇಪು ಸುತ್ತಿದ ಗಂಟು ಪಾತ್ರೆಯ ಬಾಯಿಯ ಮೇಲೆ ಆವಿಯಲ್ಲಿ ತೂಗಾಡುತ್ತಿತ್ತು. ಪೆಟ್ಟಿಗೆಯ ಸಣ್ಣ ಪರದೆ ಅರವತ್ತನಾಲ್ಕು ಎಂದು ತೋರಿಸಿತು. ಅವರು ಪೆಟ್ಟಿಗೆಗೆ ಎರಡೇಟು ಕೊಟ್ಟರು. ಅರವತ್ತನಾಲ್ಕೇ.

ಮಂಜುಳಮ್ಮ ಅಡುಗೆಮನೆಯ ಮೌನವನ್ನು ಮುರಿಯಲಿಲ್ಲ. ಸೌಟಿನಿಂದ ಕೊತಕೊತ ಕುದಿಯುವ ನೀರನ್ನು ತೋರಿಸಿದರು. ಆಮೇಲೆ ಪೆಟ್ಟಿಗೆಯನ್ನು ತೋರಿಸಿದರು. ಕೊನೆಗೆ ಗಂಡನ ತಲೆಯನ್ನು ತೋರಿಸಿದರು. ರವೆ ಹಾಕಲು ಅಡ್ಡವಾಗಿದ್ದ ತಂತಿಯನ್ನು ಚಿಮಟದಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದರು. ಗಂಟು ಆವಿಯಿಂದ ಹೊರಬಂದು ತಣ್ಣನೆಯ ಕಲ್ಲಿನ ಮೇಲೆ ಬಿತ್ತು. ಪರದೆಯ ಅಂಕಿ ಎಪ್ಪತ್ತಾಯಿತು, ಎಂಬತ್ತೈದಾಯಿತು, ತೊಂಬತ್ತೇಳಕ್ಕೆ ಬಂದು ನಿಂತಿತು.

ಚಂದ್ರಮೌಳಿ ಗಂಟನ್ನು ಮತ್ತೆ ಆವಿಗೆ ಹಿಡಿ‌ದರು. ಅಂಕಿ ಇಳಿಯಿತು. ಕಲ್ಲಿಗೆ ತಾಗಿಸಿದರು. ಏರಿತು. ಉಪ್ಪಿಟ್ಟು ತಡವಾಗುವಷ್ಟು ಹೊತ್ತು ಹೀಗೇ ಮಾಡಿ ಅವರು ನೆಲದ ಮೇಲೆ ಕೂತರು. ಎರಡು ಜಾತಿಯ ತಂತಿ ಕೂಡಿದ ಆ ಗಂಟು ಬಿಸಿಯಾದಷ್ಟೂ ಲೆಕ್ಕದಲ್ಲಿ ಕಡಿಮೆ ಬೀಳುತ್ತಿತ್ತು. ಅವರು ಮೂರು ಗಂಟನ್ನೂ ಕಟ್ಟಿದ್ದದ್ದು ಎಂಜಿನ್ನಿನ ಬೆನ್ನ ಹಿಂದೆ, ಅದರ ಬಿಸಿಗಾಳಿಯಲ್ಲಿ. ನಾಲ್ಕನೇದು ಬಿಸಿಯಾಗಿರಲೇ ಇಲ್ಲ. ಮಿಕ್ಕ ಮೂರು ತಣ್ಣಗಿರುವ ಹಾಗೆ ನಟಿಸುತ್ತಿದ್ದವು.

ಯಾರಿಗೂ ತಿಳಿಯದ ಹಾಗೆ ಸರಿಪಡಿಸುವ ದಾರಿಯಿದ್ದರೆ ಚಂದ್ರಮೌಳಿ ಖಂಡಿತ ಅದನ್ನೇ ಹಿಡಿಯುತ್ತಿದ್ದರು. ಆದರೆ ವಿಶೇಷ ತಂತಿ ಉಳಿದಿರಲಿಲ್ಲ. ಮೂಗಯ್ಯನವರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು, ತಲೆ ಬಾಚಿಕೊಳ್ಳದೆ, ಓಡುನಡಿಗೆಯಲ್ಲಿ ಹೊರಟರು. ಅವರು ಆಟೋ ಹತ್ತುವುದನ್ನು ಸಣ್ಣಮಾದಯ್ಯ ನೋಡಿದರು. ಹೆಡ್ ಕಾನ್ಸ್‌ಟೇಬಲಿಗೆ ಸುದ್ದಿ ಹೋಯಿತು. ತಮ್ಮ ಹಣೆಬರಹ ತೀರ್ಮಾನವಾಗುವಾಗ ತಾವೂ ಅಲ್ಲಿರಬೇಕೆಂದು ಚೆಲುವಮ್ಮ, ಪ್ರೇಮಲೀಲಾ ಇಬ್ಬರೂ ಬೀಗ ಹಾಕಿ ಬಂದರು. ಗಂಡ ಬಾಚಣಿಗೆ ಮುಟ್ಟದೆ ಹೋದದ್ದು ಮಂಜುಳಮ್ಮನವರಿಗೆ ಕೇಡಿನ ಲಕ್ಷಣವಾಗಿ ಕಂಡಿತ್ತು. ಒಂದೇ ಆಟೋದಲ್ಲಿ ನಾಲ್ವರು, ಮುಂದೆ ಮೋಟರ್ ಬೈಕಿನಲ್ಲಿ ಬಸವರಾಜು. ಹೀಗೆ ಆ ಅಡ್ಡರಸ್ತೆ ಇಡಿಯಾಗಿ ಊರು ದಾಟಿ ಕುಂಬಾರಕೊಪ್ಪಲು ಸೇರಿತು.

ಶೆಡ್ಡಿನೊಳಗೆ ಮೂಗಯ್ಯ ಮೊದಲ ನಟ್ಟಿಗೆ ಸ್ಪ್ಯಾನರು ಹಾಕಿದ್ದರು. ಬಾಗಿಲಲ್ಲಿ ಜನ ತುಂಬಿತು. ಎದುರಿಗೆ ರೆಕ್ಕೆಯ ಸಮೇತ ವಿಮಾನವಿತ್ತು. ಚೆಲುವಮ್ಮ ಇದು ದಸರಾ ಮೆರವಣಿಗೆಗಾ ಎಂದು ಪಿಸುಗುಟ್ಟಿದರು. ಚಂದ್ರಮೌಳಿ ಹಿಂದೆ ತಿರುಗಿ ನೋಡಲೂ ಇಲ್ಲ.

"ನಿಲ್ಲಿಸಿ ಮೂಗಯ್ಯನವರೇ. ನಾಲ್ಕನೇದರದು ಏನೂ ತಪ್ಪಿಲ್ಲ. ನಿಜ ಹೇಳ್ತಾ ಇದ್ದದ್ದು ಅದೊಂದೇ. ಒಂದು, ಎರಡು, ಮೂರು, ಮೂರೂ ಸುಳ್ಳು. ತಪ್ಪು ನಂದು. ನಿಮ್ಮ ತಂತೀನ ಮನೇಲಿ ಕತ್ತರಿಸಿ ಹಾಳುಮಾಡಿ, ಗಂಟೆ ತಂತಿ ಗಂಟುಹಾಕಿ ನಿಮಗೆ ಹೇಳದೆ ಮುಚ್ಚಿಟ್ಟೆ. ನನಗೆ ಈ ಕೆಲಸ ಬರ್ತಾ ಇರಲಿಲ್ಲ."

ಸಣ್ಣಮಾದಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ಪ್ರೇಮಲೀಲಾ ಚೆಲುವಮ್ಮನವರ ಮುಖ ನೋಡಿದರು. ಮಂಜುಳಮ್ಮ ತಮ್ಮ ಮನೆಯ ನಂಬರು ಒಂದು ಎಂಬುದನ್ನು ನೆನಪು ಮಾಡಿಕೊಂಡರು.

ಮೂಗಯ್ಯ ಒಂದನೇ ಸಿಲಿಂಡರಿನ ಟೇಪು ಸುಲಿದು ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡರು.

"ನೀವು ಅರ್ಧ ಗಂಟೆ ತಡವಾಗಿ ಬಂದಿದ್ರೆ ಒಳ್ಳೇ ಎಂಜಿನ್ನು ಕೆಡಿಸಿಬುಡ್ತಿದ್ದೆ ಸಾರ್," ಅಂದರು.

ಹೊಸ ತಂತಿ ಬರುವವರೆಗೆ ಕಾಯಬೇಕಾಗಿಲ್ಲ, ನಾಲ್ಕನೇದರ ಒಳ್ಳೆಯ ತಂತಿಯನ್ನೇ ಬಿಚ್ಚಿ ಒಂದೊಂದಕ್ಕೂ ಹಾಕಿ ನೋಡೋಣ ಎಂದು ಅವರೇ ದಾರಿ ಹೇಳಿದರು. ಎಲ್ಲರನ್ನೂ ಹಿಂದೆ ನಿಲ್ಲಿಸಿ ಎಂಜಿನ್ ಓಡಿಸಿದರು. ಬಸವರಾಜು ಅವರ ಟೋಪಿ ಹಾರಿತು. ಒಂದೊಂದು ಸಲ ನಿಲ್ಲಿಸಿದಾಗಲೂ ಮೂಗಯ್ಯ ಪರದೆ ನೋಡಿ ಗಟ್ಟಿಯಾಗಿ ಓದಿದರು: ಒಂದನೇದೂ ನಾಲ್ಕರಷ್ಟೇ ಬಿಸಿ. ಎರಡನೇದೂ ಅಷ್ಟೇ. ಮೂರನೇದೂ ಅಷ್ಟೇ. ಎಲ್ಲವೂ ಇರಬೇಕಾದ ಮಿತಿಯಲ್ಲೇ ಇವೆ. ಚೆಲುವಮ್ಮ, ಪ್ರೇಮಲೀಲಾ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಆಮೇಲೆ ಮೂಗಯ್ಯ ಎಲ್ಲರನ್ನೂ ಹತ್ತಿರ ಕರೆದು, ಸಿಲಿಂಡರು ಯಾವುದು, ತಂತಿ ಯಾವುದು, ಪೆಟ್ಟಿಗೆ ಏನು ಮಾಡುತ್ತದೆ ಎಂದು ಸಮಾಧಾನವಾಗಿ ತೋರಿಸಿದರು. ನಂಬರು ಮನೆಯದಲ್ಲ, ಇದು ಮಾತು ಕೇಳಿಸಿಕೊಳ್ಳುವುದಿಲ್ಲ ಎಂದೂ ಹೇಳಿದರು. ಬಸವರಾಜು ಅರ್ಜಿಯ ಮೇಲೆ ‘ವಿಚಾರಿಸಲಾಗಿ ಎಂಜಿನ್ ಎಂದು ತಿಳಿದುಬಂತು’ ಎಂದು ಬರೆದುಕೊಂಡರು. ಎಲ್ಲರೂ ತಲೆಯಾಡಿಸಿದರು. ಯಾರೂ ನಂಬಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಪ್ರೇಮಲೀಲಾ ಮೆಲ್ಲನೆ ವಿವರಿಸಿದರು. ಒಬ್ಬ ಮನುಷ್ಯ ಭಾನುವಾರ ಬೆಳಿಗ್ಗೆ ಊರಾಚೆ ಓಡಿಹೋಗಿ, ಪೊಲೀಸರ ಎದುರಿಗೆ, ನಾಲ್ಕನೇ ನಂಬರು ನಿರಪರಾಧಿ ಎಂದು ಸಾರುತ್ತಾನೆ. ಅದಕ್ಕಾಗಿ ತನ್ನ ಸ್ವಂತ ಮನೆಯನ್ನೇ ಸುಳ್ಳು ಎನ್ನುತ್ತಾನೆ. ಸುಮ್ಮನೆ ಹೀಗೆ ಯಾರು ಮಾಡುತ್ತಾರೆ? ಸಣ್ಣಮಾದಯ್ಯ ಡ್ರೈವರಿನ ಪಕ್ಕ ಕೂತಿದ್ದರಿಂದ ಅವರಿಗೆ ಕೇಳಿಸಲಿಲ್ಲ. ಅವರು ಬೇರೆಯೇ ಯೋಚನೆಯಲ್ಲಿದ್ದರು. ಚಂದ್ರಮೌಳಿಗೆ ತಾನು ಯಾವತ್ತೂ ಏನೂ ಮಾಡಿಕೊಟ್ಟವನಲ್ಲ, ಆದರೂ ಆತ ಮಾನ ಉಳಿಸಿದ.

ಹೊಸ ತಂತಿ ಬೆಂಗಳೂರಿನಿಂದ ಬಂತು. ಈ ಸಲ ಅದನ್ನು ಮೂಗಯ್ಯ ಹೇಳಿದ ಹಾಗೆ ಚಂದ್ರಮೌಳಿ ಎಳೆದರು, ಒಂದು ಗಂಟೂ ಹಾಕಲಿಲ್ಲ. ದೆಹಲಿಯ ಅಧಿಕಾರಿ ಶುಕ್ರವಾರ ಬಂದು, ಎಂಜಿನ್ ಓಡಿಸಿ, ಪರದೆಯ ಮೇಲೆ ನಾಲ್ಕು ಗೆರೆಗಳು ಜೊತೆಜೊತೆಯಾಗಿ ಹೋಗುವುದನ್ನು ಕೂತು ನೋಡಿ ಒಪ್ಪಿಗೆ ಕೊಟ್ಟರು. ಮೂಗಯ್ಯ ಆ ರಾತ್ರಿ ಶೆಡ್ಡಿನಲ್ಲೇ ಮಲಗಿದರಂತೆ. ಚಳಿಗಾಲದಲ್ಲಿ ಅವರು ವಿಮಾನವನ್ನು ಬಯಲಿಗೆ ಒಯ್ದು ನಿಜವಾಗಿಯೂ ಹಾರಿದರು. ಇಳಿದು ಬಂದವರು ರೆಕ್ಕೆಯ ಕೆಳಗೆ ಕೂತುಬಿಟ್ಟರು.

ಆದರೆ ಅಡ್ಡರಸ್ತೆಗೆ ಶುಕ್ರವಾರ ತಲುಪಿದ ಸುದ್ದಿ ಇಷ್ಟೇ: ದೆಹಲಿಯವರು ಬಂದಿದ್ದರು, ನಾಲ್ಕನೇ ನಂಬರಿಗೆ ಒಪ್ಪಿಗೆ ಕೊಟ್ಟು ಹೋದರು. ಅವತ್ತು ಸಂಜೆ, ಎಲ್ಲರೂ ಗೇಟಿನ ಹತ್ತಿರ ನಿಂತಿರುವ ಹೊತ್ತಿಗೆ, ಸಣ್ಣಮಾದಯ್ಯ ಸ್ವತಃ ಹೆಗಲ ಮೇಲೆ ಒಂದು ದೊಡ್ಡ ಹಲಸಿನ ಹಣ್ಣು ಹೊತ್ತುಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು ಬಂದು ಒಂದನೇ ನಂಬರಿನ ಜಗಲಿಯ ಮೇಲಿಟ್ಟರು. ಬೇಡ ಬೇಡ ಎಂದು ಚಂದ್ರಮೌಳಿ ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳಿದಷ್ಟೂ ಎದುರು ಮನೆಯವರ ಹುಬ್ಬು ಮೇಲೇರಿತು. ಸಣ್ಣಮಾದಯ್ಯ ಅವರ ಕೈಯನ್ನು ಮೃದುವಾಗಿ ಅದುಮಿ, ನಮ್ಮಿಬ್ಬರಿಗೂ ಗೊತ್ತಲ್ಲ, ಸಾಕು ಎಂದು ಹೇಳಿ ಹೋದರು.

ಹಣ್ಣಿನ ಪರಿಮಳ ಬೀದಿಗೆಲ್ಲ ಹರಡಿತು. ಮಂಜುಳಮ್ಮ ಅದರ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನೂ ಇಲ್ಲದೆ ಇಷ್ಟು ದೊಡ್ಡ ಹಣ್ಣು ಬರಲ್ಲ ಕಣ್ರೀ," ಅಂದರು.

ಚಂದ್ರಮೌಳಿ ಮತ್ತೆ ಗಂಟು, ಆವಿ, ಸಿಲಿಂಡರು ಎಂದು ಶುರುಮಾಡಿದರು. ಮಂಜುಳಮ್ಮ ಪೂರ್ತಿ ಕೇಳಲಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣನ್ನು ಅಡುಗೆಮನೆಗೆ ಉರುಳಿಸಿಕೊಂಡು ಹೋದರು. ನಾವೊಬ್ಬರೇ ತಿಂದರೆ ಲಂಚ, ಎಲ್ಲರಿಗೂ ಕೊಟ್ಟರೆ ಪ್ರಸಾದ ಎಂದು, ಬಿಡಿಸಿದ ತೊಳೆಗಳನ್ನು ಮೂರು ಪಾಲು ಮಾಡಿ ಚೆಲುವಮ್ಮನವರಿಗೊಂದು, ಪ್ರೇಮಲೀಲಾ ಅವರಿಗೊಂದು ತಟ್ಟೆ ಕಳಿಸಿದರು. ಅವರಿಬ್ಬರೂ ಮೊದಲು ತಟ್ಟೆಯನ್ನು ಅನುಮಾನದಿಂದ ನೋಡಿದರು. ಹಣ್ಣು ಜೇನಿನಂತಿತ್ತು. ಖಾಲಿ ತಟ್ಟೆಗಳು ತೊಳೆದು ವಾಪಸು ಬಂದವು.

ಮಾರನೆಯ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ನಾಲ್ಕನೇ ನಂಬರಿನ ಗೇಟಿನ ಪಕ್ಕದಿಂದ ಗುಂಯ್ ಎಂದು ಸದ್ದು ಶುರುವಾಯಿತು. ಮಂಜುಳಮ್ಮನವರ ನಲ್ಲಿಯ ಧಾರೆ ದಾರವಾಗಿ, ಹನಿಯಾಗಿ, ಕಡೆಗೆ ಸುಂಯ್ ಎಂಬ ಗಾಳಿಯಾಯಿತು. ಚೆಲುವಮ್ಮ ಕೊಡ ಹಿಡಿದು ಬೀದಿಗೆ ಬಂದರು. ಪ್ರೇಮಲೀಲಾ ಬಂದರು. ಮೂವರೂ ನಾಲ್ಕನೇ ನಂಬರಿನ ಕಡೆ ನೋಡಿದರು. ಸಣ್ಣಮಾದಯ್ಯ ಗೇಟಿನಲ್ಲಿ ನಿಂತು, ಹಣ್ಣು ಹೇಗಿತ್ತು ಎಂದು ಎಲ್ಲರನ್ನೂ ಪ್ರೀತಿಯಿಂದ ವಿಚಾರಿಸಿದರು.

ಚೆನ್ನಾಗಿತ್ತು ಎಂದು ಮೂವರೂ ಹೇಳಬೇಕಾಯಿತು.

ಸ್ವಲ್ಪ ಹೊತ್ತಿಗೆ ಎರಡನೇ ನಂಬರಿನಲ್ಲಿ ಗ್ರೈಂಡರು ತಿರುಗತೊಡಗಿತು. ಮೂರನೇ ನಂಬರಿನ ಹಿಂಬಾಗಿಲ ಮುಂದೆ ಹತ್ತನೇ ಕ್ಲಾಸಿನ ಚಪ್ಪಲಿಗಳು ಸಾಲಾದವು. ಮಂಜುಳಮ್ಮ ಖಾಲಿ ಕೊಡವನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಚಂದ್ರಮೌಳಿ ಕಂಪ್ಯೂಟರಿನ ಮುಂದೆ ಇಸ್ಪೀಟಾಡುತ್ತಿದ್ದರು. ಅವರು ಗಂಡನ ಹಿಂದೆ ನಿಂತು, ಬೀದಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಕೇಳಿದರು.

"ಏನೂಂದ್ರೆ, ಆ ಮೂಗಯ್ಯನವರಿಗೆ ಇನ್ನೂ ಏನಾದ್ರೂ ರೆಕಾರ್ಡು ಮಾಡೋದು ಬಾಕಿ ಇದೆಯಾ, ಕೇಳಿ ನೋಡಿ."